ಉಂಗುರ ಸಡಿಲಾದರೆ ಸಾಕೇ?

ಶಸ್ತ್ರಚಿಕಿತ್ಸೆಯ ಸಾಹಸಗಳನ್ನು ಬರೆದವರು ಬಹಳ ಮಂದಿ. ನನಗೆ ಕುತೂಹಲವಿರುವುದು ಅದರ ನಂತರದ ಕಥೆಯಲ್ಲಿ. ರೋಗಿ ಮನೆಗೆ ಮರಳಿದ ಮೇಲೆ ರೋಗ ನಿಜಕ್ಕೂ ಹೋಗಿದೆಯೆಂದು ತಿಳಿಯುವುದು ಹೇಗೆ? ಅಕ್ರೊಮೆಗಲಿಯ ಚರಿತ್ರೆಯಲ್ಲಿ ಈ ಪ್ರಶ್ನೆ ದಶಕಗಳ ಕಾಲ ಉತ್ತರವಿಲ್ಲದೆ ಉಳಿದಿತ್ತು.

ಮಿದುಳಿನ ಬುಡದಲ್ಲಿ ಕಡಲೆಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿಯಲ್ಲಿ ಗೆಡ್ಡೆ ಹುಟ್ಟಿ ಬೆಳವಣಿಗೆಯ ಹಾರ್ಮೋನು ಮಿತಿಮೀರಿದರೆ, ದೊಡ್ಡವರಲ್ಲಿ ಕೈಕಾಲು, ದವಡೆ ಹಿಗ್ಗುತ್ತವೆ. 1886ರಲ್ಲಿ ಈ ರೋಗಕ್ಕೆ ಹೆಸರಿಟ್ಟವರು ಪ್ಯಾರಿಸ್‌ನ ಪಿಯರ್ ಮಾರಿ. 1909ರಲ್ಲಿ ಬಾಲ್ಟಿಮೋರ್‌ನಲ್ಲಿ ಹಾರ್ವಿ ಕುಶಿಂಗ್ ಇಂಥ ರೋಗಿಯೊಬ್ಬರಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಹಾರ್ಮೋನನ್ನು ಅಳೆಯುವ ದಾರಿಯೇ ಆಗ ಇರಲಿಲ್ಲ. ತಲೆನೋವು ಇಳಿಯಿತೇ, ಬೆವರು ಕಡಿಮೆಯಾಯಿತೇ, ಬಿಗಿಯಾಗಿದ್ದ ಉಂಗುರ ಸಡಿಲಾಯಿತೇ ಎಂದು ನೋಡಬೇಕಿತ್ತು.

ಕುಶಿಂಗ್ ರೋಗಿಗಳ ಫೋಟೊ, ಟಿಪ್ಪಣಿ, ಪತ್ರಗಳನ್ನು ಜತನದಿಂದ ಕೂಡಿಟ್ಟರು. 1915ರಲ್ಲಿ ಅವರ ಸಹಾಯಕಿಯಾಗಿ ಸೇರಿ, ಮುಂದೆ ಸ್ವತಃ ವೈದ್ಯೆಯಾದ ಲೂಯಿಸ್ ಐಸೆನ್‌ಹಾರ್ಟ್ ಗೆಡ್ಡೆಗಳ ವಿವರವನ್ನೂ ಆ ರೋಗಿಗಳು ಮುಂದೆ ಏನಾದರೆಂಬುದನ್ನೂ ಬರೆದಿಡುತ್ತ ಬಂದರು. ಆ ಸಂಗ್ರಹ ಇಂದು ಯೇಲ್ ವಿಶ್ವವಿದ್ಯಾಲಯದಲ್ಲಿದೆ.

ಆದರೆ ಈ ರೋಗದಲ್ಲಿ ಕಣ್ಣನ್ನು ನಂಬುವಂತಿಲ್ಲ. ಚಿಕಿತ್ಸೆಯ ನಂತರ ಊದಿದ ಮಾಂಸ ಇಳಿಯುತ್ತದೆ, ಬೆಳೆದ ಎಲುಬು ಮಾತ್ರ ಹಿಂದಿನಂತಾಗದು. ಗುಣವಾದವರೂ ರೋಗಿಯಂತೆಯೇ ಕಾಣಬಹುದು. ಉಂಗುರ ಸಡಿಲಾದವರ ಒಳಗೆ ಉಳಿದ ಹಾರ್ಮೋನು ಸದ್ದಿಲ್ಲದೆ ಹೃದಯವನ್ನು ಕೆಡಿಸುತ್ತಿರಬಹುದು.

ದಾರಿ ತೆರೆದದ್ದು ನ್ಯೂಯಾರ್ಕಿನಲ್ಲಿ. ರೊಸಾಲಿನ್ ಯಾಲೊ ಮತ್ತು ಸಾಲೊಮನ್ ಬರ್ಸನ್ ವಿಕಿರಣದ ಗುರುತು ಹಚ್ಚಿ ರಕ್ತದ ಹಾರ್ಮೋನನ್ನು ಅಳೆಯುವ ವಿಧಾನ ಕಂಡುಹಿಡಿದರು. 1963ರ ಹೊತ್ತಿಗೆ ಬೆಳವಣಿಗೆಯ ಹಾರ್ಮೋನೂ ಅದರ ಅಳತೆಗೆ ಸಿಕ್ಕಿತು. ಇದು ದಿನವಿಡೀ ಏರಿಳಿಯುವ ಹಾರ್ಮೋನಾದ್ದರಿಂದ ಒಂದೇ ಹನಿ ರಕ್ತದಿಂದ ತೀರ್ಮಾನ ಸಾಧ್ಯವಿರಲಿಲ್ಲ. ಅದಕ್ಕಾಗಿ ಗ್ಲೂಕೋಸ್ ನೀರು ಕುಡಿಸಿ ನೋಡುವ ಪರೀಕ್ಷೆ ಬಂತು: ಆರೋಗ್ಯವಂತರಲ್ಲಿ ಹಾರ್ಮೋನು ತಗ್ಗುತ್ತದೆ, ರೋಗ ಉಳಿದವರಲ್ಲಿ ತಗ್ಗುವುದಿಲ್ಲ. 1957ರಲ್ಲಿ ಸಾಮನ್ ಮತ್ತು ಡಾಹಡೆ ಸುಳಿವು ಹಿಡಿದಿದ್ದ ಇನ್ನೊಂದು ವಸ್ತು ಇಂದು ಐಜಿಎಫ್-1 ಎಂದು ಹೆಸರಾಗಿದೆ. ದಿನವಿಡೀ ಹೆಚ್ಚು ಏರಿಳಿಯದ ಇದೇ ಈಗ ಮುಖ್ಯ ಅಳತೆಗೋಲು.

ಇಂದು ಶಸ್ತ್ರಚಿಕಿತ್ಸೆಯಾಗಿ ಸುಮಾರು 12 ವಾರಗಳ ನಂತರ ಐಜಿಎಫ್-1 ಪರೀಕ್ಷೆಯೂ ಎಂಆರ್‌ಐ ಚಿತ್ರವೂ ಆಗುತ್ತವೆ. ಆಮೇಲೆ ಎಲ್ಲ ಸರಿಯಿದ್ದರೂ ವರ್ಷವರ್ಷ ರಕ್ತಪರೀಕ್ಷೆ. ವಿಕಿರಣ ಪಡೆದವರಲ್ಲಿ ಗ್ರಂಥಿಯ ಉಳಿದ ಹಾರ್ಮೋನುಗಳು ಎಷ್ಟೋ ವರ್ಷಗಳ ಮೇಲೂ ಕುಗ್ಗಬಹುದಾದ್ದರಿಂದ ಅವನ್ನೂ ನೋಡುತ್ತಿರಬೇಕು. ವೈದ್ಯರು ‘ಗುಣವಾಯಿತು’ ಎನ್ನುವ ಬದಲು ಅನೇಕ ಸಲ ‘ಹತೋಟಿಯಲ್ಲಿದೆ’ ಎನ್ನುತ್ತಾರೆ. ಈ ಚರಿತ್ರೆ ಓದಿದ ಮೇಲೆ ಅದು ಜಾರಿಕೆಯ ಮಾತೆಂದು ನನಗೆ ಅನಿಸುವುದಿಲ್ಲ. ಕಣ್ಣಳತೆಗೆ ಮೋಸಹೋದ ದಶಕಗಳು ಕಲಿಸಿದ ಎಚ್ಚರ ಅದು.