ಮೂಟೆ ಹೊತ್ತವನನ್ನು ಯಾರೂ ಕೇಳಲಿಲ್ಲ

ಶ್ರೀರಂಗಪಟ್ಟಣ ಒಂದು ನಡುಗಡ್ಡೆ. ಕಾವೇರಿ ಎರಡಾಗಿ ಒಡೆದು ಮತ್ತೆ ಕೂಡುವ ಜಾಗದಲ್ಲಿ ಕೋಟೆ ಕಟ್ಟಿ ಕೂತ ಸರ್ಕಾರಗಳು ನಮ್ಮ ಸೀಮೆಯನ್ನು ಆಳಿದವು. 1610ರಲ್ಲಿ ರಾಜ ಒಡೆಯರು ಅಲ್ಲಿ ಹೋಗಿ ಕೂತರು. 1630ರಲ್ಲಿ ಚನ್ನಪಟ್ಟಣ ಜಗದೇವರಾಯನ ವಂಶದ ಕೈತಪ್ಪಿ ಮೈಸೂರಿಗೆ ಸೇರಿತು. 1728ರಲ್ಲಿ ಮಾಗಡಿ, ಸಾವನದುರ್ಗಗಳು ಬಿದ್ದವು. ಮಾಗಡಿಯ ಕೊನೆಯ ಕೆಂಪೇಗೌಡ ಅದೇ ನಡುಗಡ್ಡೆಯಲ್ಲಿ ಸೆರೆಯಾಳಾಗಿ ಸತ್ತ. ಆಮೇಲೆ ಹೈದರ್ ಬಂದ, ಟಿಪ್ಪು ಬಂದ. ಇವರಲ್ಲಿ ಒಬ್ಬರನ್ನೂ ನಾವು ಆರಿಸಲಿಲ್ಲ. ನಾವು ಹಾಗಿರಲಿ, ಊರ ಗೌಡರೂ ಆರಿಸಲಿಲ್ಲ.

ಹಾಗಾದರೆ ಜನ ಆ ಸರ್ಕಾರದ ಜೊತೆ ಇದ್ದರೋ ಇಲ್ಲವೋ? ಈ ಪ್ರಶ್ನೆ ಹಳೆಯದಲ್ಲ. 2015ರಲ್ಲಿ ಒಂದು ಸರ್ಕಾರ ಟಿಪ್ಪು ಜಯಂತಿ ಶುರು ಮಾಡಿತು. 2019ರಲ್ಲಿ ಇನ್ನೊಂದು ಸರ್ಕಾರ ಅದನ್ನು ನಿಲ್ಲಿಸಿತು. ಆ ವರ್ಷಗಳಲ್ಲಿ ಟೀ ಅಂಗಡಿಯಿಂದ ವಿಧಾನಸೌಧದವರೆಗೆ ಜಗಳವೋ ಜಗಳ. ಎರಡು ಕಡೆಯವರೂ ಸಾಕ್ಷಿಗೆ ಕರೆದು ತಂದವರು ಮಾತ್ರ ಹೊರಗಿನಿಂದ ಬಂದವರು. ಇಂಗ್ಲಿಷಿನವನು ಹೀಗೆ ಬರೆದಿದ್ದಾನೆ ನೋಡಿ, ಹಾಗೆ ಬರೆದಿದ್ದಾನೆ ನೋಡಿ. ಆ ಸಾಕ್ಷಿಗಳನ್ನು ನಾವೂ ಒಂದಿಷ್ಟು ವಿಚಾರಿಸಬೇಕಾಗಿದೆ ಗೆಳೆಯರೇ.

ಮೊದಲನೆಯವನು ಎಡ್ವರ್ಡ್ ಮೂರ್. ಮರಾಠರಿಗೆ ನೆರವಾಗಲು ಬಂದ ಕಂಪನಿಯ ತುಕಡಿಯಲ್ಲಿದ್ದ ಅಧಿಕಾರಿ. ಧಾರವಾಡದ ಕಡೆಯಿಂದ ಬಂದವನು, 1794ರಲ್ಲಿ ಲಂಡನ್ನಿನಲ್ಲಿ ಪುಸ್ತಕ ತಂದ. ಅವನ ಮಾತಿನ ಸಾರ ಇಷ್ಟು: ಗುರುತಿಲ್ಲದ ನಾಡಿನಲ್ಲಿ ಹೋಗುವಾಗ ಹೊಲಗದ್ದೆ ಹುಲುಸಾಗಿದ್ದರೆ, ಜನ ದುಡಿಯುತ್ತಿದ್ದರೆ, ಹೊಸ ಪೇಟೆಗಳು ಏಳುತ್ತಿದ್ದರೆ, ಅಲ್ಲಿನ ಆಳ್ವಿಕೆ ಜನರ ಮನಸ್ಸಿಗೆ ಒಪ್ಪಿಗೆಯಾದದ್ದು ಅಂತ ಯಾರಿಗಾದರೂ ಅನ್ನಿಸುತ್ತದೆ, ಟಿಪ್ಪುವಿನ ನಾಡು ನೋಡಿ ತಮಗೂ ಹಾಗೇ ಅನ್ನಿಸಿತು. ಕಾರ್ನ್‌ವಾಲಿಸನ ಸೈನ್ಯದಲ್ಲಿದ್ದ ಮೇಜರ್ ಡಿರೋಮ್ 1793ರಲ್ಲೇ ಹೆಚ್ಚು ಕಡಿಮೆ ಇದೇ ಮಾತು ಬರೆದಿದ್ದ. ನಾಡು ಜನರಿಂದ ತುಂಬಿದೆ, ನೆಲ ಉಳುಮೆಯಾಗಿದೆ, ಸಿಪಾಯಿಗಳು ಕೊನೆವರೆಗೂ ನಿಷ್ಠೆ ಬಿಡಲಿಲ್ಲ ಅಂತ.

ಈ ಸಾಕ್ಷ್ಯವನ್ನು ನಾವು ತಳ್ಳಿ ಹಾಕುವುದಿಲ್ಲ. ಶತ್ರುವಿನ ಕಡೆಯವರು, ಬಯ್ಯಬೇಕಾದವರು ಹೊಗಳಿದ್ದಾರೆ. ಟಿಪ್ಪುವನ್ನು ಬರೀ ರಾಕ್ಷಸನನ್ನಾಗಿ ಚಿತ್ರಿಸುವವರು ಮೊದಲು ಇದಕ್ಕೆ ಉತ್ತರ ಕೊಡಲಿ. ಇವತ್ತು ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ನಿಂತರೆ ಸಾಕು, ಬಂಗಾಳದಿಂದ ಹುಳು ತರಿಸಿ ಹಿಪ್ಪುನೇರಳೆ ಹಾಕಿಸಿದ ಆ ಆಳ್ವಿಕೆಯ ನೆನಪು ಮೂಗಿಗೆ ಬಡಿಯುತ್ತದೆ.

ಆದರೆ ಮೂರನ ಲೆಕ್ಕ ನೋಡಿ. ಬೆಳೆ ಚೆನ್ನಾಗಿದೆ, ಆದ್ದರಿಂದ ಜನ ಸುಖವಾಗಿದ್ದಾರೆ. ಜನ ಸುಖವಾಗಿದ್ದಾರೆ, ಆದ್ದರಿಂದ ಸರ್ಕಾರವನ್ನು ಒಪ್ಪಿದ್ದಾರೆ. ಪೈರನ್ನು ನೋಡಿ ಉಳುವವನ ಮನಸ್ಸು ಓದಿಬಿಟ್ಟ! ನಮ್ಮೂರಲ್ಲಿ ಎಲ್ಲರಿಗಿಂತ ಹಸಿರಾದ ಗದ್ದೆ ಯಾರದು ಅಂತ ನಮಗೆ ಗೊತ್ತು. ಹೆಚ್ಚು ಜೀತದಾಳು ಇಟ್ಟುಕೊಂಡವನದು. 1976ರಲ್ಲಿ ಜೀತ ರದ್ದತಿ ಕಾಯಿದೆ ಬರುವವರೆಗೆ, ಬಂದ ಮೇಲೂ ಎಷ್ಟೋ ದಿನ, ದಾರಿಹೋಕರು ಆ ಗದ್ದೆ ನೋಡಿ ಭೇಷ್ ಅಂದೇ ಹೋಗಿದ್ದಾರೆ. ಬದುವಿನ ಮೇಲೆ ನಿಂತ ನಮ್ಮಪ್ಪಂದಿರು ಕೈಮುಗಿದಿದ್ದಾರೆ. ಕೈಮುಗಿದದ್ದೂ ಒಪ್ಪಿಗೆಯ ಲೆಕ್ಕಕ್ಕೇ ಸೇರಿರಬೇಕು.

ಇನ್ನೊಬ್ಬ ಬಂದದ್ದು ಟಿಪ್ಪು ಸತ್ತ ಮರುವರ್ಷ, 1800ರಲ್ಲಿ. ಫ್ರಾನ್ಸಿಸ್ ಬುಕಾನನ್, ಕಂಪನಿಯ ಡಾಕ್ಟರು. ಗೆದ್ದ ನೆಲದಲ್ಲಿ ಏನೇನು ಸಿಗುತ್ತದೆ ನೋಡಿಕೊಂಡು ಬಾ ಅಂತ ವೆಲ್ಲೆಸ್ಲಿ ಕಳಿಸಿದ್ದ. ಬೆಂಗಳೂರಿಂದ ರಾಮಗಿರಿ, ಚನ್ನಪಟ್ಟಣದ ಮೇಲೆ ಹಾದು ಪಟ್ಟಣಕ್ಕೆ ಹೋದ. ಮಾಗಡಿ ಸೀಮೆಯನ್ನೂ ಸುತ್ತಿದ. ಈ ಮನುಷ್ಯನ ಕಣ್ಣು ದೊಡ್ಡದು. ಚನ್ನಪಟ್ಟಣದಲ್ಲಿ ಗಾಜಿನ ಬಳೆ ಮಾಡುವವರನ್ನು ಕಂಡ. ವೀಣೆ ತಂಬೂರಿಗಳಿಗೆ ಹಾಕುವ ಉಕ್ಕಿನ ತಂತಿ ಎಳೆಯುವವರನ್ನು ಕಂಡ. ಮಾಗಡಿ ಕಡೆ ಕಬ್ಬಿಣ ಕರಗಿಸುವ ಕುಲುಮೆಗಳ ಲೆಕ್ಕ ಬರೆದುಕೊಂಡ. ಕಾಡಿನ ಇರುಳಿಗರ ಬಗ್ಗೆ ಕೂಡ ಬರೆದ. ಎರಡು ಸೈನ್ಯಗಳ ನಡುವೆ ಸಿಕ್ಕಿ ರಾಮಗಿರಿ ಸುತ್ತಿನ ಜನ ಹಸಿವಿನಿಂದ ಸತ್ತದ್ದನ್ನೂ ಬರೆದ.

ಆ ಯುದ್ಧದ ಸಂಗತಿ ಇಲ್ಲಿ ಹೇಳಲೇಬೇಕು. ಕಂಪನಿಯ ಸೈನ್ಯಕ್ಕೆ ಪಟ್ಟಣ ಮುಟ್ಟಲು ಎರಡು ದಾರಿ ಇದ್ದವು. ಒಂದು ಚನ್ನಪಟ್ಟಣದ್ದು, ಇನ್ನೊಂದು ಕಾನಕಾನಹಳ್ಳಿಯದು, ಅಂದರೆ ಈಗಿನ ಕನಕಪುರದ್ದು. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಕಾನಕಾನಹಳ್ಳಿ ದಾರಿ ಹಿಡಿದ. ಅದೇ ವರ್ಷ ಡಿಸೆಂಬರ್ 21ಕ್ಕೆ ಸಾವನದುರ್ಗ ಬಿತ್ತು, ಹಿಂದೆಯೇ ರಾಮಗಿರಿಯೂ ಬಿತ್ತು. 1799ರಲ್ಲಿ ಹ್ಯಾರಿಸನ ಸೈನ್ಯ ಮತ್ತೆ ಕಾನಕಾನಹಳ್ಳಿ ಮೇಲೇ ಬಂತು. ಶತ್ರುವಿಗೆ ಕಾಳು ಸಿಗಬಾರದು, ಮೇವು ಸಿಗಬಾರದು ಅಂತ ಟಿಪ್ಪು ಆ ಊರನ್ನು ಎರಡು ಸಲ ಹಾಳುಗೆಡವಿಸಿದ ಅಂತ ಗೆಜೆಟಿಯರುಗಳು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತವೆ. ಯುದ್ಧತಂತ್ರ ಅಂತ ನೋಡಿದರೆ ಅದು ಸರಿಯೇ ಇರಬಹುದು. ಸುಟ್ಟ ಬಣವೆಯ ಮುಂದೆ ನಿಂತವನಿಗೆ ಅದು ತಂತ್ರವಾಗಿ ಕಂಡಿತೇ? ಬಣವೆ ಯಾರದಾದರೂ ಇರಲಿ, ಅದರ ಕೊನೆಯ ಹಿಡಿ ಕಾಳಿಗೆ ಕಾಯುತ್ತಿದ್ದವರು ಕೇರಿಯವರು. ಸರ್ಕಾರದ ಜೊತೆ ಇದ್ದೀರಾ ಅಂತ ಆ ದಿನ ಕೇಳಿದ್ದರೆ ಏನನ್ನುತ್ತಿದ್ದರೋ.

ಕೇಳಲಿಲ್ಲ. ಬುಕಾನನ್ ಕೇಳಿದ್ದು ಅಮಲ್ದಾರರನ್ನು, ಶಾನುಭೋಗರನ್ನು, ಗೌಡರನ್ನು, ವ್ಯಾಪಾರಸ್ಥರನ್ನು. ಅದೂ ದುಭಾಷಿಯ ಬಾಯಿಂದ. ರೈತರು ನಿಜ ಹೇಳುವುದಿಲ್ಲ ಅಂತ ಅವನು ಮತ್ತೆ ಮತ್ತೆ ಗೊಣಗುತ್ತಾನೆ. ನಮಗೆ ನಗು ಬರುತ್ತದೆ. ಗೆದ್ದ ಕಂಪನಿಯವನು ಕಾಗದ ಹಿಡಿದು, ಎಷ್ಟು ಬೆಳೀತೀಯಾ, ಹಳೇ ದೊರೆ ಹೆಂಗಿದ್ದ ಅಂತ ಕೇಳಿದರೆ ನಿಜ ಹೇಳುವ ದಡ್ಡ ಯಾವನಪ್ಪಾ? ಹಳೆಯವನನ್ನು ಬಯ್ದಿರುತ್ತಾರೆ. ಹೊಸಬನನ್ನು ಹೊಗಳಿರುತ್ತಾರೆ.

ನಮ್ಮವರು ಅವನ ಪುಸ್ತಕದಲ್ಲಿ ಇಲ್ಲ ಅಂತಲ್ಲ. ಹೊಲೆಯರು ಮಾದಿಗರು ಸಾಲದ ಮುಂಗಡಕ್ಕೆ ಕಟ್ಟುಬಿದ್ದು ದುಡಿಯುವುದನ್ನು, ಅವರಿಗೆ ಕೊಡುವ ಕಾಳಿನ ಅಳತೆಯನ್ನು ಬರೆದಿದ್ದಾನೆ. ಆದರೆ ನಾವು ಬರುವುದು ಬೇಸಾಯದ ಖರ್ಚಿನ ಲೆಕ್ಕದಲ್ಲಿ, ಎತ್ತು ನೇಗಿಲಿನ ಪಕ್ಕದಲ್ಲಿ. ಆಳ್ವಿಕೆಯ ಬಗ್ಗೆ ಅಭಿಪ್ರಾಯ ಇಟ್ಟುಕೊಂಡವರ ಸಾಲಿನಲ್ಲಿ ಅಲ್ಲ.

ಇನ್ನೊಂದು ವಿಚಿತ್ರ. ಊರಿಗೆ ಊರಿಗೆ ಗಡಿ ಜಗಳ ಬಿದ್ದಾಗ ಈ ಸೀಮೆಯಲ್ಲಿ ಕೊನೆಯ ಮಾತು ಹೊಲೆಯ ಕುಳುವಾಡಿಯದು. ತಲೆಯ ಮೇಲೆ ಮಣ್ಣಿನ ಮುದ್ದೆ ಹೊತ್ತು ಅವನು ನಡೆದದ್ದೇ ಗಡಿ. ನೆಲ ಎಲ್ಲಿಂದ ಎಲ್ಲಿಗೆ ಅಂತ ಹೇಳಲು ನಾವು ಬೇಕು. ಆ ನೆಲವನ್ನು ಯಾರು ಆಳಬೇಕು ಅನ್ನುವ ಮಾತು ಬಂದಾಗ ನಮಗೆ ನಾಲಿಗೆ ಇಲ್ಲ.

ಟಿಪ್ಪು ಹೋದ ಮೇಲೆ ಪೂರ್ಣಯ್ಯನವರ ಆಡಳಿತ ಬಂತು. ರಾಮಗಿರಿಯ ತಪ್ಪಲಿನಲ್ಲಿ ಹೊಸ ಪೇಟೆ ಕಟ್ಟಿಸಿ ಕಂಪನಿಯ ರೆಸಿಡೆಂಟ್ ಬ್ಯಾರಿ ಕ್ಲೋಸನ ಹೆಸರಿಟ್ಟರು. ಈಗಿನ ರಾಮನಗರ ಬಹುಕಾಲ ಕ್ಲೋಸ್‌ಪೇಟೆ. ಸುತ್ತಲಿನ ಬಂಡೆಗೂ ಭೂಗರ್ಭದವರ ಪುಸ್ತಕದಲ್ಲಿ ಅವನದೇ ಹೆಸರು. ಮಾರ್ಕ್ ವಿಲ್ಕ್ಸ್ 1805ರ ವರದಿಯಲ್ಲಿ ಈ ಹೊಸ ಆಡಳಿತವನ್ನೂ ಹೊಗಳಿದ. ಅದೇ ಹೊಲ, ಅದೇ ಆಳು, ಅದೇ ಹಸಿರು. ಹೊಗಳಿಕೆ ಮಾತ್ರ ಇನ್ನೊಬ್ಬರ ಖಾತೆಗೆ. ಇಪ್ಪತ್ತೈದು ವರ್ಷ ಕಳೆಯುವಷ್ಟರಲ್ಲಿ, 1830ರಲ್ಲಿ, ನಗರದ ರೈತರು ಕೂಟ ಕಟ್ಟಿ ಅದೇ ಮೈಸೂರು ಸರ್ಕಾರದ ಮೇಲೆ ತಿರುಗಿಬಿದ್ದರು. ಆ ಕೂಟದ ಮುಂದಾಳುಗಳು ಭೂಮಿಯುಳ್ಳವರು, ನಿಜ. ಆದರೂ ಅದು ಜನ ತಾವೇ ಬಾಯಿಬಿಟ್ಟ ಮಾತು, ಯಾವ ಪ್ರವಾಸಿಯೂ ಪೈರು ನೋಡಿ ಊಹಿಸಿದ್ದಲ್ಲ.

ಹಾಗಾದರೆ ಟಿಪ್ಪುವಿಗೆ ನಮ್ಮವರ ಬೆಂಬಲ ಇರಲಿಲ್ಲ ಅನ್ನುತ್ತೀರಾ ಅಂತ ಗೆಳೆಯರು ಕೇಳಬಹುದು. ಹಾಗೂ ಅನ್ನುವುದಿಲ್ಲ. ಪಾಳೆಯಗಾರನ ಕಾಟ ತಪ್ಪಿದ್ದಕ್ಕೆ ಕೇರಿ ನಿಟ್ಟುಸಿರು ಬಿಟ್ಟಿರಬಹುದು. ಊರು ಸುಟ್ಟಾಗ ಶಾಪ ಹಾಕಿರಬಹುದು. ಒಂದೇ ಬಾಯಿ ಎರಡನ್ನೂ ಮಾಡಿರಬಹುದು. ಅದನ್ನು ಹೇಳಬೇಕಾದವರು ಅವರು. ಅವರ ಪರವಾಗಿ ಮೂರನೋ ಬುಕಾನನ್ನೋ, ಇವತ್ತಿನ ಭಾಷಣಕಾರರೋ ರುಜು ಹಾಕುವುದನ್ನು ನಾವು ಒಪ್ಪುವುದಿಲ್ಲ.

ತಮಾಷೆ ಅಂದರೆ, ಸರ್ಕಾರದ ಕಡೆಯಿಂದ ಬಂದವರ ಪಕ್ಕದಲ್ಲೇ ಇಡೀ ದಿನ ನಡೆಯುತ್ತಿದ್ದವನು ನಮ್ಮವನೇ. ಅವರ ಮೂಟೆ ಹೊತ್ತು, ದಾರಿ ತೋರಿಸಿ, ಮುಂದಿನ ಊರಿನ ಗಡಿ ಮುಟ್ಟಿಸುವುದು ತೋಟಿಯ ಬಿಟ್ಟಿ ಕೆಲಸ. ಕನಕಪುರದ ಕಡೆಯ ನಮ್ಮ ನೆಂಟರ ಕೇರಿಯಲ್ಲಿ ಒಬ್ಬ ಮುದುಕಪ್ಪ ಇದ್ದಾರೆ. ಹುಡುಗನಾಗಿದ್ದಾಗ ಅಪ್ಪನ ಹಿಂದೆ ಅಮಲ್ದಾರರ ಪೆಟ್ಟಿಗೆ ಹೊತ್ತವರು. ಹೋದ ಸುಗ್ಗಿಯಲ್ಲಿ ಅವರ ಜಗಲಿ ಮೇಲೆ ಕೂತು ಕೇಳಿದೆವು. ‘ತಾತ, ಅಷ್ಟು ದೂರ ಜೊತೇಲಿ ನಡೀತಿದ್ರಲ್ಲ, ಆ ಸಾಹೇಬರು ನಿಮ್ಮನ್ನ ಯಾವತ್ತಾದ್ರೂ ಏನಾದ್ರೂ ಕೇಳಿದ್ರಾ?’

ಎಲೆಯಡಿಕೆ ಉಗಿದು ಅಂದರು: ‘ಕೇಳ್ದೆ ಇರ್ತಾರಾ ಮಗ. ಕೇಳೋರು. ಇನ್ನೆಷ್ಟು ದೂರ ಐತೋ ಅಂತ.’