ಬಿಸಿರೊಟ್ಟಿಗೆ ಕಾದವರು

ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಕಮಲಾಪುರವನ್ನು ಹೊರಗಿನವರು ಅದರ ಕೆಂಬಾಳೆಯಿಂದ ಬಲ್ಲರು. ಒಂದು ಮಧ್ಯಾಹ್ನ ಆ ಹಾದಿಯ ಖಾನಾವಳಿಯೊಂದರಲ್ಲಿ ನನ್ನ ಎದುರಿನ ಮೇಜಿಗೆ ವೃದ್ಧ ದಂಪತಿಗಳು ಬಂದು ಕುಳಿತರು. ಹಂಚಿನಿಂದ ಆಗತಾನೆ ಇಳಿದ ಬಿಸಿರೊಟ್ಟಿ ಇಬ್ಬರ ತಾಟಿಗೂ ಒಟ್ಟಿಗೇ ಬಂದಿತು, ಯಜಮಾನರು ಉಣ್ಣತೊಡಗಿದರು, ಆ ತಾಯಿಯಾದರೋ ಸೆರಗು ಸರಿಪಡಿಸಿಕೊಂಡು, ಗಂಡನ ತಾಟಿನಲ್ಲಿ ಯಾವುದು ಮುಗಿಯಿತು, ಯಾವುದು ಬೇಕಾದೀತು ಎಂದು ನೋಡುತ್ತ ಸುಮ್ಮನೆ ಕುಳಿತಿದ್ದರು. ಬಡಿಸುವ ಹೆಂಗಸು ಹತ್ತಿರ ಬಂದು, “ಉಣ್ರೀ ಯವ್ವಾ, ರೊಟ್ಟಿ ಆರ್ತದ” ಎಂದ ಮೇಲೆಯೇ ಅವರು ಮೊದಲ ತುತ್ತನ್ನು ಮುರಿದದ್ದು. ಗಂಡಹೆಂಡಿರು ಹೊರಗೆ ಒಂದು ಮೇಜಿಗೆ ಕುಳಿತು ಉಣ್ಣುವುದು ಇಂದು ಯಾರೂ ತಿರುಗಿ ನೋಡದಷ್ಟು ಸಾಮಾನ್ಯವಾದ ಸಂಗತಿ. ಆದರೆ ಆ ಒಂದು ಕ್ಷಣದ ತಡೆಯ ಹಿಂದೆ ಈ ಸೀಮೆಯ ಎಷ್ಟು ದೀರ್ಘವಾದ ಚರಿತ್ರೆಯಿದೆ ಎಂಬುದನ್ನು ಅಂದಿನಿಂದ ನಾನು ಯೋಚಿಸುತ್ತ ಬಂದಿದ್ದೇನೆ.

ಹೆಂಡತಿಯು ಗಂಡನ ಅನಂತರ ಉಣ್ಣುವ ಪದ್ಧತಿಗೆ ಧರ್ಮಶಾಸ್ತ್ರಗಳಲ್ಲಿ ಕಾರಣ ಹುಡುಕುವವರು ಹುಡುಕಲಿ. ಜೋಳದ ಸೀಮೆಯಲ್ಲಿ ಅದಕ್ಕೆ ಒಲೆಯ ಮುಂದೆಯೇ ಒಂದು ಕಾರಣವುಂಟು. ಅನ್ನವನ್ನು ಬೇಯಿಸಿಟ್ಟು ಎಲ್ಲರೂ ಕೂಡಿ ಕುಳಿತುಕೊಳ್ಳಬಹುದು. ಬಿಸಿರೊಟ್ಟಿಯಾದರೋ ಕುದಿನೀರಿನಲ್ಲಿ ನಾದಿದ ಹಿಟ್ಟನ್ನು ಒಂದೊಂದಾಗಿ ಬಡಿದು, ಹಂಚಿಗೆ ಹಾಕಿ, ಮೇಲೆ ನೀರು ಸವರಿ, ಉಬ್ಬಿಸಿ, ಆ ಉಬ್ಬು ಇಳಿಯುವ ಮೊದಲೇ ಉಣ್ಣುವವನ ತಾಟಿಗೆ ಮುಟ್ಟಿಸಬೇಕಾದ ಪದಾರ್ಥ. ಬಡಿಯುವ ಕೈ ಉಣ್ಣುವ ಕೈಯಾಗಲು ಸಾಧ್ಯವಿಲ್ಲ. ಹೀಗೆ ಮನೆಮಂದಿಗೆಲ್ಲ ಬಿಸಿರೊಟ್ಟಿಯನ್ನು ಉಣಿಸಿದವಳಿಗೆ ಕೊನೆಯಲ್ಲಿ ಸಿಗುತ್ತಿದ್ದುದು ಆರಿದ ರೊಟ್ಟಿ, ತಳ ಹಿಡಿದ ಪಲ್ಯ. ಖಡಕ್ ರೊಟ್ಟಿಯ ಮಾತು ಬೇರೆ. ಸುಟ್ಟು ಒಣಗಿಸಿಟ್ಟ ಆ ರೊಟ್ಟಿ ಯಾರನ್ನೂ ಒಲೆಗೆ ಕಟ್ಟಿಹಾಕುವುದಿಲ್ಲ. ಅದನ್ನು ಶೇಂಗಾ ಹಿಂಡಿಯೊಡನೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋದ ಹೆಣ್ಣು, ಬದುವಿನ ಮರದ ನೆರಳಿನಲ್ಲಿ ಗಂಡನ ಮಗ್ಗುಲಿಗೆ ಕುಳಿತು ಅವನೊಡನೆಯೇ ಉಂಡಾಳು. ಎಳ್ಳಮಾವಾಸ್ಯೆಯ ದಿನ ಸಜ್ಜೆಯ ರೊಟ್ಟಿ, ಭಜ್ಜಿಪಲ್ಯಗಳನ್ನು ಹೊತ್ತು ಹೊಲಕ್ಕೆ ಹೋಗಿ, ಚರಗ ಚೆಲ್ಲಿದ ಮೇಲೆ ಗಂಡಸರು ಹೆಂಗಸರೆನ್ನದೆ ಕೂಡಿ ಉಣ್ಣುವ ಸಂಭ್ರಮವಂತೂ ಕಲಬುರಗಿ ಸೀಮೆಯ ಅತ್ಯಂತ ಪ್ರಿಯವಾದ ಆಚರಣೆಗಳಲ್ಲೊಂದು.

ದಂಪತಿಗಳ ಸಹಭೋಜನವನ್ನು ಸಮಾಜವು ತಾನೇ ಮುಂದೆ ನಿಂತು ನಡೆಸಿಕೊಡುತ್ತಿದ್ದ ಪ್ರಸಂಗವೂ ಒಂದುಂಟು. ಅದು ಮದುವೆಯ ಭೂಮದ ಊಟ. ದೊಡ್ಡ ಪರಾತದ ಸುತ್ತ ಬಂಧುಗಳೊಡನೆ ಕುಳಿತ ವಧೂವರರು ಒಬ್ಬರಿಗೊಬ್ಬರು ತುತ್ತು ನೀಡುವರು. ಒಡಪು ಹಾಕಿ ಒಬ್ಬರ ಹೆಸರನ್ನೊಬ್ಬರು ಹೇಳುವರು. ಮರುದಿನದಿಂದ ಹೆಸರು ಹೇಳುವುದೂ ಒಂದೇ ತಾಟಿನಲ್ಲಿ ಉಣ್ಣುವುದೂ ಮುಗಿದಂತೆಯೇ. ಒಂದು ದಿನದ ಮಟ್ಟಿಗೆ ಎಲ್ಲರೆದುರು ಅನುಮತಿಸಲ್ಪಟ್ಟ ಆ ಸಾಮೀಪ್ಯವು ಮತ್ತೆ ಎಲ್ಲರೆದುರು ಕಾಣಿಸಿಕೊಳ್ಳಲು ಎಷ್ಟೋ ತಲೆಮಾರುಗಳು ಕಾಯಬೇಕಾಯಿತು.

ಹೊರಗೆ ಉಣ್ಣುವುದೆಂದರೆ ಹಿಂದೆ ಪುಣ್ಯಕ್ಷೇತ್ರದಲ್ಲಿ ಉಣ್ಣುವುದೆಂದೇ ಅರ್ಥ. 1822ರಲ್ಲಿ ಲಿಂಗೈಕ್ಯರಾದ ಕಲಬುರಗಿಯ ಶರಣಬಸವೇಶ್ವರರ ಸನ್ನಿಧಿಯು ದಾಸೋಹಕ್ಕೆ ಪ್ರಸಿದ್ಧವಾದುದು. ಅದಕ್ಕೂ ನಾಲ್ಕು ಶತಮಾನಗಳ ಹಿಂದೆ, 1422ರಲ್ಲಿ, ದೇಹವಿಟ್ಟ ಖ್ವಾಜಾ ಬಂದೇನವಾಜರ ದರ್ಗಾಕ್ಕೆ ಉರುಸಿನಲ್ಲಿ ಜನಸಾಗರವೇ ಹರಿದುಬರುವುದು. ಪಂಕ್ತಿಯಲ್ಲಿ ಕುಳಿತವರು ಭಕ್ತರೇ ಹೊರತು ದಂಪತಿಗಳಲ್ಲ. ಆದರೆ ಹೋಳಿ ಹುಣ್ಣಿಮೆ ಕಳೆದ ಮೇಲೆ ತೇರೆಳೆಯುವ ಶರಣಬಸವೇಶ್ವರರ ಜಾತ್ರೆಯಲ್ಲಿ ಮಿರ್ಚಿಭಜಿಯ ಪೊಟ್ಟಣವೊಂದನ್ನು ಬಿಚ್ಚಿ, ಜನರ ನೂಕಿನಲ್ಲಿ ನಿಂತುಕೊಂಡೇ ಹಂಚಿಕೊಂಡು ತಿಂದ ಹೊಸ ಜೋಡಿಗಳು ಇದ್ದೇ ಇದ್ದುವು. ಜಾತ್ರೆಯ ಗದ್ದಲವೇ ಅವರಿಗೆ ಏಕಾಂತವಾಗಿತ್ತು.

1871ರಲ್ಲಿ ಮುಂಬಯಿಯ ರೈಲುಮಾರ್ಗವೂ ಮದರಾಸಿನ ರೈಲುಮಾರ್ಗವೂ ರಾಯಚೂರಿನಲ್ಲಿ ಕೂಡಿದಾಗ ಕಲಬುರಗಿಯು ಆ ಮಹಾಮಾರ್ಗದ ಮೇಲಿನ ಊರಾಯಿತು. ನಿಜಾಮರ ಕಾಲದ ಸುಭೆಯ ಕಚೇರಿಗಳು, ಹತ್ತೊಂಬತ್ತನೆಯ ಶತಮಾನದ ಕೊನೆಗೆ ಎದ್ದ ಎಂ.ಎಸ್.ಕೆ. ಮಿಲ್ಲು, ತೊಗರಿಯ ಅಡತಿ ಅಂಗಡಿಗಳು ಹಳ್ಳಿಗಳಿಂದ ಗಂಡಸರನ್ನು ಕರೆತಂದುವು. ಹೆಂಡಿರು ಊರಲ್ಲಿ ಉಳಿದರು. ಒಂಟಿ ಗಂಡಸಿನ ಹಸಿವಿಗೆ ಉತ್ತರವಾಗಿ ಬೆಳೆದದ್ದು ಖಾನಾವಳಿ. ಎಷ್ಟೋ ಕಡೆ ಗಂಡ ಗಲ್ಲಾದ ಮೇಲೆ, ಹೆಂಡತಿ ಒಲೆಯ ಮುಂದೆ. ತಿಂಗಳ ಊಟದ ಗಿರಾಕಿಗಳಿಗೆ ಎಣ್ಣೆಗಾಯಿ, ಪುಂಡಿಪಲ್ಯ, ಬ್ಯಾಳಿ, ಹಂಚಿನಿಂದ ನೇರವಾಗಿ ಬರುವ ರೊಟ್ಟಿ. ಅದು ಮನೆಯಿಂದ ದೂರವಾದವನಿಗೆ ಮನೆಯ ರುಚಿಯನ್ನು ಕೊಡುತ್ತಿದ್ದ ಸ್ಥಳ. ಹೆಂಡತಿಯನ್ನು ಕರೆದುಕೊಂಡು ಹೋಗುವ ಸ್ಥಳವಾಗಿರಲಿಲ್ಲ.

1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳಿಕೆ ಮುಗಿದು, 1956ರ ನವೆಂಬರ್ 1ರಂದು ಈ ಸೀಮೆಯು ಮೈಸೂರು ರಾಜ್ಯದಲ್ಲಿ ಕೂಡಿದ ಮೇಲೆ, ದಕ್ಷಿಣದಿಂದ ವರ್ಗವಾಗಿ ಬಂದ ನೌಕರರು ಹೆಂಡಿರು ಮಕ್ಕಳೊಡನೆ ಬಂದರು. ಇಡ್ಲಿ, ದೋಸೆ, ಕಾಫಿಗಳ ಉಡುಪಿ ಹೋಟೆಲು ಅವರಿಗೆ ಪರಿಚಿತವಾದ ಆಶ್ರಯ. ಇಲ್ಲಿ ಇನ್ನೊಂದು ಬಾಗಿಲಿನ ಮಾತನ್ನೂ ಹೇಳದೆ ಮುಂದುವರಿಯಲಾಗದು. ನಾಡಿನ ಹೋಟೆಲುಗಳಲ್ಲಿ ಜಾತಿಗೊಂದು ಸ್ಥಳವಿದ್ದು, ಕೆಲವರಿಗೆ ಹೊರಗಿನ ಜಗಲಿಯೂ ಬೇರೆ ಲೋಟವೂ ಮಾತ್ರ ಸಲ್ಲುತ್ತಿದ್ದ ಕಾಲವಿತ್ತು. 1950ರ ಸಂವಿಧಾನದ 15ನೆಯ ವಿಧಿಯು ಭೋಜನಾಲಯದ ಪ್ರವೇಶವನ್ನು ಸರ್ವರ ಹಕ್ಕನ್ನಾಗಿ ಮಾಡಿತು; 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯು ತಡೆಯುವವನನ್ನು ದಂಡನೀಯನನ್ನಾಗಿಸಿತು. ಹೊಸಿಲನ್ನೇ ದಾಟಗೊಡದ ಕಡೆ ಸತಿಪತಿಗಳು ಒಟ್ಟಿಗೆ ಕುಳಿತುಕೊಳ್ಳುವ ಪ್ರಶ್ನೆಯೇ ಏಳದು. ಆದುದರಿಂದ ಎರಡು ಕುರ್ಚಿಗಳ ಈ ಚರಿತ್ರೆಯು ಆ ಬಾಗಿಲಿನ ಚರಿತ್ರೆಗೆ ಋಣಿಯಾಗಿದೆ.

ಒಳಗೆ ಬಂದ ದಂಪತಿಗಳಿಗಾಗಿ ಹೋಟೆಲು ಕಲ್ಪಿಸಿದ್ದು ಫ್ಯಾಮಿಲಿ ರೂಮನ್ನು. ದೊಡ್ಡ ಹಜಾರದ ಮೂಲೆಯಲ್ಲಿ ಹಲಗೆಯ ಅಡ್ಡಗೋಡೆ, ಬಾಗಿಲಿಗೆ ಬಣ್ಣಗೆಟ್ಟ ಪರದೆ, ಒಳಗೊಂದು ಮೇಜು. ಮುಖವನ್ನು ಮರೆಮಾಡುವ ಪರದೆಯು ಈ ಊರಿಗೆ ಹೊಸದಲ್ಲ. ಹೈದರಾಬಾದಿನ ಇರಾನಿ ಹೋಟೆಲುಗಳಲ್ಲಿಯೂ ಕುಟುಂಬದವರಿಗೆ ಪ್ರತ್ಯೇಕವಾದ ಕೋಣೆಗಳಿದ್ದುವು. ಅದನ್ನು ಇಂದು ಕೇವಲ ಬಂಧನವೆಂದು ತಳ್ಳಿಹಾಕುವುದು ಅನ್ಯಾಯವಾದೀತು. ಅವಿಭಕ್ತ ಕುಟುಂಬದಲ್ಲಿ ಹಗಲು ಹೊತ್ತು ಗಂಡನೊಡನೆ ನಾಲ್ಕು ಮಾತನಾಡಲು ಎಡೆಯಿಲ್ಲದ ಸೊಸೆಗೆ, ಹಜಾರದ ನೂರು ಕಣ್ಣುಗಳಿಂದ ಆ ಪರದೆಯು ಅರ್ಧ ಗಂಟೆಯ ಬಿಡುಗಡೆ ಕೊಟ್ಟಿತು. ಆದರೂ ಅವಳ ಇಚ್ಛೆಯು ಮೊದಲು ಗಂಡನ ಕಿವಿಗೆ ಹೋಗಿ, ಅವನ ಬಾಯಿಂದ ಮಾಣಿಗೆ ತಲಪುತ್ತಿತ್ತು. ಮಸಾಲೆದೋಸೆ ಬೇಕೆಂದು ಆಕೆಯೇ ಮಾಣಿಗೆ ಹೇಳಿದ ದಿನವನ್ನು ಯಾವ ಗ್ರಂಥವೂ ಬರೆದಿಟ್ಟಿಲ್ಲ. ಆದರೆ ಅದು ಚರಿತ್ರೆಯಲ್ಲಿ ಸಣ್ಣ ದಿನವಲ್ಲ.

ಆ ದಿನವನ್ನು ಹತ್ತಿರ ತಂದದ್ದು ವಿದ್ಯೆ ಮತ್ತು ಉದ್ಯೋಗ. 1958ರಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯೂ 1980ರಲ್ಲಿ ಗುಲ್ಬರ್ಗ ವಿಶ್ವವಿದ್ಯಾಲಯವೂ ಹುಟ್ಟಿದುವು. ತರಗತಿಯಲ್ಲಿ ಗಂಡಸರ ಜೊತೆಗೆ ಕುಳಿತು ಓದಿದವರು, ಸಂಬಳ ತಂದವರು, ಹೋಟೆಲಿನ ಪರದೆಯನ್ನು ತಾವಾಗಿಯೇ ಸರಿಸಿದರು. ಹಲಗೆಯ ಕೋಣೆಗಳು ಕ್ರಮವಾಗಿ ಅಳಿದು, ಫ್ಯಾಮಿಲಿ ಎಂಬ ಮಾತು ಮಾತ್ರ ಫಲಕಗಳ ಮೇಲೆ ಉಳಿಯಿತು. ಒಂಟಿ ಗಂಡಸಿಗೆಂದು ಹುಟ್ಟಿದ್ದ ಖಾನಾವಳಿಯೂ ಜೋಡಿಗಳನ್ನು ಬರಮಾಡಿಕೊಂಡಿತು. ನನ್ನ ಪಾಲಿಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ದೊಡ್ಡ ಪರಿವರ್ತನೆ ಇದೇ: ಬಿಸಿರೊಟ್ಟಿಯು ಗಂಡನ ತಾಟಿಗೆ ಬಂದ ಹೊತ್ತಿಗೇ ಹೆಂಡತಿಯ ತಾಟಿಗೂ ಬರುವುದು, ಉಬ್ಬು ಇಳಿಯುವ ಮೊದಲು ಆಕೆಯೂ ಅದನ್ನು ಮುರಿಯುವುದು.

ಕಮಲಾಪುರದ ಹಾದಿಯ ಆ ತಾಯಿ ಅಂದು ಎರಡು ರೊಟ್ಟಿ ಉಂಡರು, ಮೂರನೆಯದನ್ನೂ ಕೇಳಿ ಹಾಕಿಸಿಕೊಂಡರು. ಯಜಮಾನರು ಗಲ್ಲಾದ ಬಳಿ ದುಡ್ಡು ಎಣಿಸುತ್ತಿರುವಾಗ ಅವರು ಅಡಿಗೆಮನೆಯ ಬಾಗಿಲಿಗೆ ಹೋಗಿ, ಹೊಗೆಯ ನಡುವೆ ರೊಟ್ಟಿ ಬಡಿಯುತ್ತಿದ್ದವಳನ್ನು ನೋಡಿ, “ರೊಟ್ಟಿ ಭಾಳ ಚಲೋ ಆಗ್ಯಾವ ನೋಡವ್ವಾ. ನೀ ಉಂಡೀ?” ಎಂದು ಕೇಳಿದರು.

“ಇನ್ನಾ ಇಲ್ರೀ ಯವ್ವಾ,” ಎಂದಳು ಅವಳು, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ. “ಎಲ್ಲಾರ್ದೂ ಆಗ್ಲಿ.”