ಪಿಂಚಣಿ ಮತ್ತು ಪೆಟ್ರೋಲು: ಹಳೆಯ ಕಾರುಗಳ ಸಂಗದಲ್ಲಿ ಇಳಿವಯಸ್ಸು

1886ರ ಜನವರಿ 29ರಂದು ಜರ್ಮನಿಯ ಮ್ಯಾನ್‌ಹೈಮ್ ನಗರದ ಕಾರ್ಲ್ ಬೆಂಜ್ ಎಂಬ ಇಂಜಿನಿಯರ್ ತಾನು ಕಟ್ಟಿದ ಮೂರು ಚಕ್ರದ ಮೋಟಾರು ಬಂಡಿಗೆ ಪೇಟೆಂಟ್ ಕೋರಿ ಅರ್ಜಿ ಹಾಕಿದ. ಮೂರೂವರೆ ವರ್ಷ ಕಳೆಯುವಷ್ಟರಲ್ಲಿ, 1889ರ ಜೂನ್ ತಿಂಗಳಲ್ಲಿ, ಅದೇ ಜರ್ಮನಿಯಲ್ಲಿ ಬಿಸ್ಮಾರ್ಕ್ ಸರ್ಕಾರ ಕೂಲಿಗಾರರಿಗೆ ವೃದ್ಧಾಪ್ಯ ಪಿಂಚಣಿ ಕೊಡುವ ಕಾಯ್ದೆ ತಂದಿತು. ಕಾರ್ಮಿಕ, ಮಾಲೀಕ, ಸರ್ಕಾರ ಮೂವರೂ ಹಣ ಹಾಕಬೇಕು. ಎಪ್ಪತ್ತು ತುಂಬಿದವರಿಗೆ ಪಿಂಚಣಿ ಸಿಗಬೇಕು. ಆ ಕಾಲದ ಕೂಲಿಗಾರರಲ್ಲಿ ಎಪ್ಪತ್ತು ಮುಟ್ಟುವವರೇ ಕಡಿಮೆ. 1916ರಲ್ಲಿ ಆ ವಯಸ್ಸನ್ನು 65ಕ್ಕೆ ಇಳಿಸಿದರು.

ಕಾರು ಮತ್ತು ಪಿಂಚಣಿ ಹೀಗೆ ಒಂದೇ ಊರುಕೇರಿಯಲ್ಲಿ ಹುಟ್ಟಿದ ಓರಗೆಯವರು. ಚರಿತ್ರೆಯ ವಿದ್ಯಾರ್ಥಿಗಳಾದ ನಾವು ಇವೆರಡನ್ನೂ ಒಟ್ಟಿಗೆ ಓದುವುದಿಲ್ಲ. ಒಂದು ತಂತ್ರಜ್ಞಾನದ ಚರಿತ್ರೆಯ ಕಪಾಟಿಗೆ ಹೋಗುತ್ತದೆ, ಇನ್ನೊಂದು ಸಮಾಜ ಕಲ್ಯಾಣದ ಕಪಾಟಿಗೆ. ನಾನೂ ಹಾಗೆಯೇ ಓದಿದವನು. ಆದರೆ ಮೈಸೂರು ಸೀಮೆಯ ಮೋಟಾರು ರಿಪೇರಿ ಕಸುಬಿನ ಬಗ್ಗೆ ಸಂಶೋಧನೆ ಮಾಡುತ್ತ ಗ್ಯಾರೇಜುಗಳಲ್ಲಿ ಕೂರತೊಡಗಿದ ಮೇಲೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಯಿತು. ಹಳೆಯ ಕಾರುಗಳ ಸುತ್ತ ಸೇರುವವರಲ್ಲಿ ಹೆಚ್ಚಿನವರು ನಿವೃತ್ತರು. ಓರಗೆಯವರಿಬ್ಬರೂ ನೂರು ವರ್ಷ ಬೇರೆ ಬೇರೆ ದಾರಿಯಲ್ಲಿ ನಡೆದು ಕೊನೆಗೆ ಒಂದೇ ಶೆಡ್ಡಿನಲ್ಲಿ ಬಂದು ಕೂತಿದ್ದಾರೆ. ಇದು ಹೇಗಾಯಿತು ಎಂಬುದೇ ಈ ಬರಹದ ಪ್ರಶ್ನೆ.

ನಿವೃತ್ತಿ ಎಂಬುದು ನಾವು ಅಂದುಕೊಂಡಷ್ಟು ಹಳೆಯದಲ್ಲ. ನಮ್ಮ ಬೇಸಾಯದ ಮನೆಗಳಲ್ಲಿ ಮುಪ್ಪು ಬಂದರೆ ಕೆಲಸ ನಿಲ್ಲುತ್ತಿರಲಿಲ್ಲ, ಕೆಲಸದ ಜಾಗ ಬದಲಾಗುತ್ತಿತ್ತು. ಹೊಲದಿಂದ ಕಣಕ್ಕೆ, ಕಣದಿಂದ ಜಗಲಿಗೆ. ಉಳುವುದು ಬಿಟ್ಟವನು ಹಗ್ಗ ಹೊಸೆಯುತ್ತಿದ್ದ, ಮಂಕರಿ ಹೆಣೆಯುತ್ತಿದ್ದ, ಕರು ಕಾಯುತ್ತಿದ್ದ. ಆ ಬದುಕು ಸುಖದ್ದು ಎಂದು ನಾನು ಹೇಳುತ್ತಿಲ್ಲ. ಕೈಲಾಗದವರನ್ನು ದುಡಿಸಿದ ಕತೆಗಳೂ ಅಲ್ಲಿ ಬೇಕಾದಷ್ಟಿವೆ. ಆದರೆ ಇಂತಿಂಥ ತಾರೀಖಿನ ಸಂಜೆ ಐದೂವರೆಗೆ ನಿನ್ನ ಕೆಲಸ ಮುಗಿಯಿತು ಎಂದು ಯಾರೂ ಹೇಳುತ್ತಿರಲಿಲ್ಲ. ಕಚೇರಿ ಮತ್ತು ಕಾರ್ಖಾನೆಗಳು ಆ ತಾರೀಖನ್ನು ತಂದವು. ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ, ನಾಲ್ಕು ಒಳ್ಳೆಯ ಮಾತು. ಮರುದಿನ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗುವುದು ಎಂಬುದಕ್ಕೆ ಮಾತ್ರ ಕಾಯ್ದೆಯಲ್ಲಿ ಉತ್ತರವಿರಲಿಲ್ಲ.

ಈ ಪ್ರಶ್ನೆಯನ್ನು ಗಂಭೀರವಾಗಿ ಎತ್ತಿಕೊಂಡ ಇತಿಹಾಸಕಾರ ಕೇಂಬ್ರಿಡ್ಜಿನ ಪೀಟರ್ ಲ್ಯಾಸ್ಲೆಟ್. ಹಿಂದಿನ ಕಾಲದ ಕುಟುಂಬಗಳ ಅಧ್ಯಯನಕ್ಕೆ ಹೆಸರಾಗಿದ್ದ ಆತ 1989ರಲ್ಲಿ, ತನ್ನ ಎಪ್ಪತ್ತರ ದಶಕದಲ್ಲಿ, 'ಎ ಫ್ರೆಶ್ ಮ್ಯಾಪ್ ಆಫ್ ಲೈಫ್' ಎಂಬ ಪುಸ್ತಕ ಬರೆದ. ನಿವೃತ್ತಿಗೂ ನಿಜವಾದ ಅಶಕ್ತತೆಗೂ ನಡುವೆ ಈಗ ಹತ್ತಿಪ್ಪತ್ತು ವರ್ಷಗಳ ಹೊಸದೊಂದು ಕಾಲ ಹುಟ್ಟಿಕೊಂಡಿದೆ, ಅದು 'ಮೂರನೆಯ ವಯಸ್ಸು' ಎಂಬುದು ಅವನ ವಾದ. ಆಯಸ್ಸು ಹೆಚ್ಚಿದ್ದರಿಂದ ದೊರೆತ ಈ ಕಾಲವನ್ನು ಹೇಗೆ ಬದುಕಬೇಕೆಂದು ಕಲಿಸಬಲ್ಲ ಪೂರ್ವಿಕರು ನಮಗಿಲ್ಲ. ಏಕೆಂದರೆ ಹಿಂದಿನ ಯಾವ ತಲೆಮಾರಿಗೂ ಇದು ಇಷ್ಟು ದೊಡ್ಡ ಪ್ರಮಾಣದಲ್ಲಿ ಸಿಕ್ಕಿರಲಿಲ್ಲ.

ಇನ್ನು ಹಳೆಯ ಕಾರುಗಳ ಹವ್ಯಾಸದ ಕಡೆ ಬರೋಣ. ಇದರ ಬೇರು ಇಂಗ್ಲೆಂಡಿನಲ್ಲಿದೆ. ಅಲ್ಲಿನ 1865ರ ಕಾಯ್ದೆಯಂತೆ ಎಂಜಿನ್ ಬಂಡಿಗಳು ಹಳ್ಳಿಗಾಡಿನಲ್ಲಿ ಗಂಟೆಗೆ 4 ಮೈಲಿ, ಊರೊಳಗೆ 2 ಮೈಲಿಗಿಂತ ಜೋರಾಗಿ ಹೋಗುವಂತಿರಲಿಲ್ಲ. ಮುಂದೆ ಒಬ್ಬಾತ ಕೆಂಪು ಬಾವುಟ ಹಿಡಿದು ನಡೆಯಬೇಕಿತ್ತು. ಬಾವುಟದ ನಿಯಮ 1878ರಲ್ಲಿಯೇ ಸಡಿಲವಾದರೂ ವೇಗದ ಕಟ್ಟಳೆ ಉಳಿದಿತ್ತು. 1896ರ ನವೆಂಬರ್ 14ರಂದು ಹೊಸ ಕಾಯ್ದೆ ಜಾರಿಗೆ ಬಂದಾಗ ಮೋಟಾರುಪ್ರಿಯರು ಅದೇ ದಿನ ಲಂಡನ್ನಿನಿಂದ ಬ್ರೈಟನ್ನಿಗೆ ಮೆರವಣಿಗೆ ಹೊರಟರು. 1927ರಲ್ಲಿ ಅದರ ನೆನಪಿಗೆಂದು ಹಳೆಯ ಕಾರುಗಳನ್ನು ಮತ್ತೆ ಅದೇ ದಾರಿಯಲ್ಲಿ ಓಡಿಸಿದರು. 1930ರ ಓಟ ಮುಗಿದ ಮೇಲೆ ಬ್ರೈಟನ್ನಿನ ಹೋಟೆಲೊಂದರಲ್ಲಿ ಮಾತಿಗೆ ಕೂತ ಗೆಳೆಯರು ವೆಟರನ್ ಕಾರ್ ಕ್ಲಬ್ ಕಟ್ಟಿದರು. ಯುದ್ಧ ಮತ್ತು ಪೆಟ್ರೋಲು ಕೊರತೆಯ ವರ್ಷಗಳಲ್ಲಿ, ಕೊರೊನಾ ಹಬ್ಬಿದ 2020ರಲ್ಲಿ ನಿಂತದ್ದು ಬಿಟ್ಟರೆ ಆ ಓಟ ಈಗಲೂ ನಡೆಯುತ್ತದೆ. 1905ಕ್ಕೆ ಮುಂಚಿನ ಕಾರುಗಳಿಗಷ್ಟೇ ಅಲ್ಲಿ ಪ್ರವೇಶ. 1953ರ 'ಜೆನೆವೀವ್' ಎಂಬ ತಮಾಷೆಯ ಸಿನಿಮಾ ಈ ಓಟವನ್ನು ಮನೆಮಾತಾಗಿಸಿತು.

ಗಮನಿಸಬೇಕಾದ ಅಂಶವೆಂದರೆ, ಇದು ಮುದುಕರ ಹವ್ಯಾಸವಾಗಿ ಹುಟ್ಟಿದ್ದಲ್ಲ. ಆರಂಭದ ಆ ಗೆಳೆಯರಿಗೆ ನೌಕರಿಯೂ ಇತ್ತು, ರೇಸಿನ ಹುಚ್ಚೂ ಇತ್ತು. ಕಾರುಗಳ ಜೊತೆ ಜೊತೆಗೇ ಹವ್ಯಾಸಿಗಳಿಗೂ ವಯಸ್ಸಾಯಿತು.

ಭಾರತದಲ್ಲಿ ಕತೆ ಬೇರೆ. ಇಲ್ಲಿ ಕಾರು ಮತ್ತು ನಿವೃತ್ತಿಯ ಮೊದಲ ದೊಡ್ಡ ಭೇಟಿ ಕನ್ನಡಿಗರೊಬ್ಬರ ಬದುಕಿನಲ್ಲೇ ಆಯಿತು. 1918ರಲ್ಲಿ ಮೈಸೂರಿನ ದಿವಾನಗಿರಿ ಬಿಟ್ಟ ಸರ್ ಎಂ. ವಿಶ್ವೇಶ್ವರಯ್ಯನವರು, 1935ರಲ್ಲಿ, ಎಪ್ಪತ್ತೈದರ ಆಸುಪಾಸಿನಲ್ಲಿ, ಮೋಟಾರು ಕಾರ್ಖಾನೆಗಳನ್ನು ನೋಡಲೆಂದು ಯುರೋಪು ಮತ್ತು ಅಮೆರಿಕ ಸುತ್ತಿ ಬಂದರು. ಭಾರತದಲ್ಲೇ ಕಾರು ತಯಾರಿಸುವ ಯೋಜನೆ ಸಿದ್ಧಪಡಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆಗಿದ್ದರು, ಮೈಸೂರು ಸಂಸ್ಥಾನವೂ ಆಸಕ್ತಿ ತೋರಿತು, ಬ್ರಿಟಿಷ್ ಸರ್ಕಾರದ ಬೆಂಬಲ ಮಾತ್ರ ದೊರೆಯಲಿಲ್ಲ. ಕೊನೆಗೆ 1944ರಲ್ಲಿ ವಾಲ್‌ಚಂದ್ ಮುಂಬೈಯಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಕಟ್ಟಿದರು. ಮುಂದೆ ಫಿಯೆಟ್ ಕಾರುಗಳು, ಆಮೇಲೆ ಪದ್ಮಿನಿ ಹೊರಬಂದದ್ದು ಅಲ್ಲಿಂದಲೇ. ಬೆಂಗಳೂರಿನ ಬೀದಿಗಳಲ್ಲಿ ಓಡಿದ ಫಿಯೆಟ್ಟುಗಳ ಹಿಂದೆ ವಿಶ್ರಾಂತ ದಿವಾನರೊಬ್ಬರ ಈಡೇರದ ಯೋಜನೆಯೂ ಇದೆ.

ಸ್ವಾತಂತ್ರ್ಯಾನಂತರ ಆಮದಿಗೆ ಕಟ್ಟುನಿಟ್ಟು, ಪರವಾನಗಿಗೆ ಕಟ್ಟುನಿಟ್ಟು. ಹೊಸ ಕಾರಿಗೆ ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಹೀಗಾಗಿ ಇದ್ದ ಕಾರನ್ನೇ ಸಾಯಗೊಡದೆ ಓಡಿಸುವುದು ಇಲ್ಲಿ ಹವ್ಯಾಸವಲ್ಲ, ಅನಿವಾರ್ಯ. ಸಿಗದ ಬಿಡಿಭಾಗವನ್ನು ಲೇತಿನಲ್ಲಿ ತೀಡಿ ಮಾಡುವ, ಒಂದು ಕಾರಿನ ಪಂಪನ್ನು ಇನ್ನೊಂದಕ್ಕೆ ಒಗ್ಗಿಸುವ ಮೇಸ್ತ್ರಿಗಳ ತಲೆಮಾರು ಬೆಳೆದದ್ದು ಆಗ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳು, ಶಿವಾಜಿನಗರದ ಗುಜರಿಗಳು ಈ ಅನಿವಾರ್ಯದ ಮೇಲೆ ನಿಂತಂಥವು. 1964ರಲ್ಲಿ ದೆಹಲಿಯಲ್ಲಿ 'ಸ್ಟೇಟ್ಸ್‌ಮನ್' ಪತ್ರಿಕೆ ಹಳೆಯ ಕಾರುಗಳ ರ‍್ಯಾಲಿ ಆರಂಭಿಸಿದಾಗ ಮುಂದೆ ನಿಂತವರು ಕಾರಿನ ಮಾಲೀಕರು. ಅವನ್ನು ಅಲ್ಲಿಯವರೆಗೆ ಉಸಿರಾಡಿಸಿದವರು ಬಾನೆಟ್ಟಿನ ಹಿಂದಿದ್ದರು.

ನಾನು ಎರಡು ವರ್ಷದಿಂದ ಹೋಗಿಬರುತ್ತಿರುವ ಶೆಡ್ಡಿನಲ್ಲಿರುವುದು ರಾಜರ ಕಾರಲ್ಲ, 1968ರ ಒಂದು ಫಿಯೆಟ್. ಅದರ ಒಡೆಯರು ನಿವೃತ್ತ ಬ್ಯಾಂಕ್ ಮ್ಯಾನೇಜರು. ಜೊತೆಗೆ ಬರುವವರು ಒಬ್ಬ ನಿವೃತ್ತ ಗಣಿತ ಮೇಷ್ಟ್ರು, ಒಬ್ಬ ಮಾಜಿ ಸರ್ಕಾರಿ ಬಸ್ ಡ್ರೈವರು, ಮತ್ತು ಎಲ್ಲರೂ 'ಉಸ್ತಾದ್ರೇ' ಎಂದು ಕರೆಯುವ ಮೆಕ್ಯಾನಿಕ್. ಭಾನುವಾರ ಬೆಳಿಗ್ಗೆ ಏಳಕ್ಕೆ ಸೇರುತ್ತಾರೆ. ಉಸ್ತಾದರಿಗೆ ಈಗ ಕಿವಿ ಮಂದ. ಆದರೂ ಎಂಜಿನ್ನಿನ ಟ್ಯಾಪೆಟ್ ಸದ್ದು ಅವರಷ್ಟು ನಿಖರವಾಗಿ ಹಿಡಿಯುವವರಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಯ ಮುಂದಿನ ಎಲುಬಿಗೂ ಒತ್ತಿಕೊಂಡು ಕಣ್ಣು ಮುಚ್ಚುತ್ತಾರೆ. "ಮೂರ್ನೇದು ಸಾರ್, ಸ್ವಲ್ಪ ಲೂಸು," ಎನ್ನುತ್ತಾರೆ. ಮೂರನೆಯದೇ ಆಗಿರುತ್ತದೆ.

ಈ ಸಾಂಗತ್ಯ ಹೇಗೆ ಉಳಿದಿದೆ ಎಂದು ನೋಡುತ್ತ ಹೋದಾಗ ನನಗೆ ಕಂಡದ್ದು ಇಷ್ಟು: ಹಳೆಯ ಕಾರಿನ ರಚನೆಯೇ ಜೊತೆಗಾರರನ್ನು ಬೇಡುತ್ತದೆ. ಬ್ರೇಕಿನ ಪೈಪಿನಲ್ಲಿ ಸೇರಿಕೊಂಡ ಗಾಳಿ ತೆಗೆಯಬೇಕಾದರೆ ಒಬ್ಬರು ಒಳಗೆ ಕೂತು ಪೆಡಲ್ ಒತ್ತಬೇಕು, ಇನ್ನೊಬ್ಬರು ಕೆಳಗೆ ಚಕ್ರದ ಬಳಿ ನಿಪ್ಪಲ್ ಬಿಚ್ಚಿ ಮುಚ್ಚಬೇಕು. "ಒತ್ತಿ", "ಹಿಡ್ಕೊಳ್ಳಿ", "ಬಿಡಿ" ಎಂಬ ಮೂರು ಮಾತು ಅರ್ಧ ಗಂಟೆ ನಡೆಯುತ್ತದೆ. ಬ್ಯಾಟರಿ ಇಳಿದರೆ ತಳ್ಳಲು ಜನ ಬೇಕು. ಅಷ್ಟೇ ಅಲ್ಲ, ನಿಲ್ಲಿಸಿಟ್ಟ ಕಾರು ಕೆಡುತ್ತದೆ. ಬ್ಯಾಟರಿ ತಾನಾಗಿ ಇಳಿಯುತ್ತದೆ, ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಒಣಗಿ ಅಂಟಾಗುತ್ತದೆ, ಟಯರು ನಿಂತಲ್ಲೇ ಚಪ್ಪಟೆಯಾಗುತ್ತದೆ. ಆದ್ದರಿಂದ ಇಂದಲ್ಲ ನಾಳೆ ಎನ್ನುವಂತಿಲ್ಲ, ವಾರಕ್ಕೊಮ್ಮೆಯಾದರೂ ಬರಲೇಬೇಕು. ನಿವೃತ್ತಿ ಕಿತ್ತುಕೊಂಡದ್ದು ಸಂಬಳವನ್ನಷ್ಟೇ ಅಲ್ಲ, 'ನೀವು ಬರದಿದ್ದರೆ ಕೆಲಸ ನಿಲ್ಲುತ್ತದೆ' ಎಂಬ ಮಾತನ್ನು. ಆ ಮಾತನ್ನು ಕಾರು ಮರಳಿ ಆಡುತ್ತದೆ.

ಮೇಷ್ಟ್ರ ಪತ್ನಿ ತೀರಿಕೊಂಡ ಮೇಲಿನ ಭಾನುವಾರಗಳಲ್ಲಿ ನಾನು ಅಲ್ಲಿದ್ದೆ. ಯಾರೂ ಸಮಾಧಾನದ ಮಾತಾಡಲಿಲ್ಲ. ಡ್ರೈವರು ಫೋನು ಮಾಡಿ, "ಮೇಷ್ಟ್ರೇ, ಪಾಯಿಂಟ್ ಗ್ಯಾಪ್ ನೋಡೋಕೆ ನಿಮ್ಮ ಕಣ್ಣೇ ಬೇಕು, ಬನ್ನಿ," ಎಂದರು. ಅವರು ಬಂದರು, ಗ್ಯಾಪ್ ನೋಡಿದರು, ಹೋದರು. ನಾಲ್ಕನೆಯ ವಾರ, ಬಾನೆಟ್ಟಿನೊಳಗೆ ತಲೆ ಬಗ್ಗಿಸಿದ್ದಾಗ, ಯಾರ ಮುಖವನ್ನೂ ನೋಡದೆ, "ಮನೇಲಿ ಕಾಫಿ ಎಷ್ಟು ಲೋಟಕ್ಕೆ ಇಡ್ಬೇಕು ಅಂತ ಇನ್ನೂ ತಪ್ಪಾಗ್ತದೆ," ಎಂದರು. ಉಸ್ತಾದರು ಅವರ ಕೈಗೆ ಬಟ್ಟೆ ಕೊಟ್ಟರು, ಗ್ರೀಸು ಒರೆಸಿಕೊಳ್ಳಲು. ಆಸ್ಟ್ರೇಲಿಯಾದಲ್ಲಿ 1990ರ ದಶಕದಿಂದ 'ಮೆನ್ಸ್ ಶೆಡ್' ಎಂಬ ಸಮುದಾಯದ ಕಾರ್ಯಾಗಾರಗಳು ಹಬ್ಬಿವೆ. ಗಂಡಸರು ಎದುರುಬದುರು ಕೂತರೆ ಬಾಯಿ ಬಿಡುವುದಿಲ್ಲ, ಹೆಗಲಿಗೆ ಹೆಗಲು ಕೊಟ್ಟು ಕೆಲಸ ಮಾಡುವಾಗ ಮಾತಾಡುತ್ತಾರೆ ಎಂಬುದು ಅವುಗಳ ತಿಳಿವಳಿಕೆ. ಅದನ್ನು ಓದಿದಾಗ ನನಗೆ ಆ ಕಾಫಿಯ ಮಾತು ನೆನಪಾಯಿತು.

ಆದರೆ ಇದನ್ನು ಬರೀ ಸುಂದರ ಚಿತ್ರವಾಗಿ ನಿಲ್ಲಿಸಿದರೆ ಚರಿತ್ರೆ ಬರೆದಂತಾಗುವುದಿಲ್ಲ. ಶೆಡ್ಡಿನ ನಾಲ್ವರಲ್ಲಿ ಮೂವರಿಗೆ ಪಿಂಚಣಿಯಿದೆ, ಉಸ್ತಾದರಿಗಿಲ್ಲ. ಹವ್ಯಾಸವೆಂದು ಉಳಿದವರು ಬರುವ ಜಾಗಕ್ಕೆ ಅವರು ಅರ್ಧ ಕೆಲಸವೆಂದೇ ಬರುತ್ತಾರೆ. ಬ್ಯಾಂಕಿನವರು ಪ್ರತಿ ಸಲ ದುಡ್ಡು ಕೊಡುತ್ತಾರೆ, ಉಸ್ತಾದರು ಪ್ರತಿ ಸಲ ಅರ್ಧ ಹಿಂದಿರುಗಿಸುತ್ತಾರೆ. ಆ ಅರ್ಧ ಕೂಲಿ, ಇನ್ನರ್ಧ ಸ್ನೇಹ ಎಂಬ ಲೆಕ್ಕ ಅವರಿಬ್ಬರ ನಡುವೆ ಬಾಯಿಬಿಡದೆ ಇತ್ಯರ್ಥವಾಗಿದೆ. ಕಸುಬಿನ ಚರಿತ್ರೆಯಲ್ಲಿ ಇಂಥ ಲೆಕ್ಕಗಳಿಗೆ ದಾಖಲೆ ಇರುವುದಿಲ್ಲ.

ಇನ್ನೊಂದು ಪ್ರಶ್ನೆಯನ್ನು ಎತ್ತಿದವರು ಬ್ಯಾಂಕಿನವರ ಪತ್ನಿ. ಉಪ್ಪಿಟ್ಟು ತಂದಿಟ್ಟು ಅವರೊಮ್ಮೆ ನನ್ನನ್ನು ಕೇಳಿದರು: "ಏನಪ್ಪಾ, ಇವರಿಗೆ ರಿಟೈರಾಗಿ ಹನ್ನೆರಡು ವರ್ಷವಾಯ್ತು. ನನಗೆ ಯಾವಾಗ ಅಂತ ನಿನ್ನ ಪುಸ್ತಕದಲ್ಲಿ ಬರೆದಿದೆಯಾ?" ಬರೆದಿಲ್ಲ. ಬಿಸ್ಮಾರ್ಕನ ಕಾಯ್ದೆ ಕೂಲಿ ಪಡೆಯುವ ದುಡಿಮೆಯನ್ನಷ್ಟೇ ಎಣಿಸಿತು; ಅಡುಗೆಮನೆಯ ದುಡಿಮೆ ಅದರ ಲೆಕ್ಕಕ್ಕೆ ಬರಲಿಲ್ಲ. ನಿವೃತ್ತಿಯೇ ಇಲ್ಲದವರಿಗೆ ನಿವೃತ್ತಿಯ ಹವ್ಯಾಸವೆಲ್ಲಿಂದ? ಹಾಗೆ ನೋಡಿದರೆ ಕಾರಿನ ಮೊದಲ ದೂರಪ್ರಯಾಣ ಮಾಡಿದ್ದೇ ಒಬ್ಬ ಹೆಣ್ಣು. 1888ರ ಆಗಸ್ಟಿನಲ್ಲಿ ಕಾರ್ಲ್ ಬೆಂಜನ ಹೆಂಡತಿ ಬೆರ್ಟಾ, ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮ್ಯಾನ್‌ಹೈಮಿನಿಂದ ಫೋರ್ಜ್‌ಹೈಮಿನ ತವರಿಗೆ ನೂರು ಕಿಲೋಮೀಟರಿಗೂ ಹೆಚ್ಚು ದೂರ ಹೋದಳು. ಇಂಧನದ ನಳಿಗೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು, ದಾರಿಯ ಔಷಧಿ ಅಂಗಡಿಯಲ್ಲಿ ಇಂಧನ ಕೊಂಡಳು. ನಾನು ಈ ಕತೆ ಹೇಳಿದ ಮೇಲೆ ಆಕೆ ನಕ್ಕು, "ತವರಿಗೆ ಅಂದ್ರೆ ಯಾರು ಬೇಕಾದ್ರೂ ಗಾಡಿ ಕಲೀತಾರೆ," ಎಂದರು. ಮುಂದಿನ ತಿಂಗಳು ಡ್ರೈವರು ಅವರಿಗೆ ಸ್ಟಿಯರಿಂಗ್ ಪಕ್ಕದ ಗೇರು ಹಾಕುವುದನ್ನು ಕಲಿಸುತ್ತಿದ್ದರು.

2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ, ಮೂಲರೂಪದಲ್ಲಿ ಉಳಿದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸುವ ನಿಯಮ ತಂದಿತು. ಅವಕ್ಕೆ 'ವಿಎ' ಅಕ್ಷರಗಳಿರುವ ಪ್ರತ್ಯೇಕ ನಂಬರು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ನಂತರದ ನವೀಕರಣಕ್ಕೆ 5,000. ಪ್ರದರ್ಶನ, ತಾಂತ್ರಿಕ ಸಂಶೋಧನೆ, ರ‍್ಯಾಲಿ, ಇಂಧನ ತುಂಬಿಸುವುದು, ದುರಸ್ತಿ, ಇಂಥ ಕಾರಣಗಳಿಗೆ ಮಾತ್ರ ಅವು ರಸ್ತೆಗಿಳಿಯಬಹುದು. ಹಳೆಯ ಗಾಡಿಗಳು ಗುಜರಿಗೆ ಹೋಗಬೇಕೆಂಬ ಕಾಲದಲ್ಲಿ ಇದು ಒಳ್ಳೆಯ ರಕ್ಷಣೆಯೇ. ಹೊಗೆಯ ಬಗ್ಗೆ ಇರುವ ಆತಂಕವೂ ಸುಳ್ಳಲ್ಲ. ಆದರೆ ಈ ನಿಯಮ ಕಾರನ್ನು ಪರಂಪರೆ ಎಂದು ಗುರುತಿಸುತ್ತದೆ, ಅದನ್ನು ಓಡಿಸಿಟ್ಟ ಕೈಯನ್ನು ಗುರುತಿಸುವುದಿಲ್ಲ. ಲೋಹಕ್ಕೆ ನಂಬರು ಸಿಕ್ಕಿತು. ಸ್ಕ್ರೂಡ್ರೈವರಿನಲ್ಲಿ ಕೇಳಿಸಿಕೊಳ್ಳುವ ವಿದ್ಯೆಗೆ ಯಾವ ವಹಿಯಲ್ಲೂ ಜಾಗವಿಲ್ಲ. ಆ ಕಾರಿನ ಒಡೆಯರ ಮಕ್ಕಳು ದೂರದ ಊರುಗಳ ಫ್ಲ್ಯಾಟುಗಳಲ್ಲಿದ್ದಾರೆ. ಉಸ್ತಾದರ ಮಗನ ಕೈಯಲ್ಲಿರುವುದು ಕಂಪ್ಯೂಟರ್ ಹಚ್ಚಿ ದೋಷ ಓದುವ ಕಾರುಗಳು. ಇನ್ನು ಹತ್ತು ವರ್ಷಕ್ಕೆ ಶೆಡ್ಡಿನಲ್ಲಿ ಕಾರು ಉಳಿದಿದ್ದರೂ ಭಾನುವಾರ ಉಳಿದಿರುತ್ತದೆಯೇ ಎಂಬುದು ಖಚಿತವಿಲ್ಲ.

ಅದಕ್ಕಾಗಿ ಈಗ ಉಸ್ತಾದರು ಹೇಳುತ್ತಿದ್ದಾರೆ, ಮೇಷ್ಟ್ರು ನೋಟುಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಾರೆ. ಯಾವ ಸದ್ದಿಗೆ ಯಾವ ರೋಗ, ಚಳಿಗಾಲದಲ್ಲಿ ಚೋಕ್ ಎಷ್ಟು ಎಳೆಯಬೇಕು, ಯಾವ ಭಾಗಕ್ಕೆ ಬದಲಿಯಾಗಿ ಯಾವುದು ಹೊಂದುತ್ತದೆ. ಗಣಿತದವರಾದ್ದರಿಂದ ಅಳತೆ ಹೇಳದಿದ್ದರೆ ಬರೆಯುವುದಿಲ್ಲ ಎಂದು ಮೇಷ್ಟ್ರು ಹಟ ಹಿಡಿಯುತ್ತಾರೆ, ಕೈಗೆ ಗೊತ್ತಾಗುವುದಕ್ಕೆ ಅಳತೆ ಎಲ್ಲಿಂದ ತರಲಿ ಎಂದು ಉಸ್ತಾದರು ರೇಗುತ್ತಾರೆ. ಈವರೆಗೆ ನಲವತ್ತು ಪುಟವಾಗಿದೆ. ನನ್ನ ಪ್ರಬಂಧಕ್ಕೆ ಅದೊಂದು ಒಳ್ಳೆಯ ಆಕರ. ಅವರಿಬ್ಬರಿಗೆ ಮಾತ್ರ ಅದು ಮುಂದಿನ ಭಾನುವಾರವೂ ಬರಲು ಒಂದು ಕಾರಣ.